ಎಮೆಟ್ ಪ್ರಿಚರ್ಡ್‌ನ ಆತ್ಮರಕ್ಷಣೆ

ಬರ್ಲ್ ಟ್ಯಾಕೆಟ್‌ನ ಮನೆಯ ಪಕ್ಕದ ಕಾರು ನಿಲ್ಲಿಸುವ ಮಾಡಿನಿಂದ, ಉದುರಿದ ಎಲೆಗಳನ್ನು ಊದಿ ಒಟ್ಟುಮಾಡುವ ಯಂತ್ರವೊಂದು ಕಳುವಾಯಿತು. ಅರ್ಕನ್ಸಾ ಸೀಮೆಯ ಡೋವರ್ಟನ್ ಎಂಬ ಪುಟ್ಟ ಊರಿನಲ್ಲಿ ಆ ಶರತ್ಕಾಲದಲ್ಲಿ ನಡೆದ ಅಪರಾಧ ಅಂದರೆ ಅದೊಂದೇ. ಯಂತ್ರವೇನೋ ಹಳೆಯದು, ಊದುವುದಕ್ಕಿಂತ ಕೆಮ್ಮುವುದೇ ಹೆಚ್ಚು. ಅದು ತೊಲಗಿದ ಮೇಲೆ ಭಾನುವಾರ ಬೆಳಗಿನ ಹೊತ್ತು ಬೀದಿಯೆಲ್ಲ ತಣ್ಣಗಿತ್ತು. ನ್ಯಾಯವಾಗಿ ನೋಡಿದರೆ ಬೀದಿಯವರೆಲ್ಲ ಸೇರಿ ಆ ಕಳ್ಳನಿಗೆ ಒಂದು ಸನ್ಮಾನ ಮಾಡಬೇಕಿತ್ತು.

ಆದರೆ ಪಕ್ಕದ ಮನೆಯ ಎಮೆಟ್ ಪ್ರಿಚರ್ಡ್‌ಗೆ ಮಾತ್ರ ಆ ಕಳ್ಳತನದಿಂದ ಇದ್ದ ನಿದ್ದೆಯೂ ಹೋಯಿತು.

ಎಮೆಟ್ ಐವತ್ತು ದಾಟಿದ, ಯಾರ ತಂಟೆಗೂ ಹೋಗದ ಮನುಷ್ಯ. ಪೇಟೆಯ ಹಾಸಿಗೆ ಅಂಗಡಿಯಲ್ಲಿ ಕೆಲಸ. "ಒಂದು ಸಲ ಮಲಗಿ ನೋಡಿ ಮೇಡಂ, ಆಮೇಲೆ ಮಾತಾಡೋಣ" ಎಂದು ದಿನವಿಡೀ ಊರಿನವರಿಗೆ ನಿದ್ದೆ ಮಾರುವವನು. ಯಂತ್ರ ಕಳುವಾದ ಸುದ್ದಿ ಕೇಳಿದಾಗಿನಿಂದ ಅವನ ಹೆಂಡತಿ ಲುವೆಲಾ ಕಣ್ಣು ಮುಚ್ಚಲಿಲ್ಲ. ತಾನು ಮುಚ್ಚಲಿಲ್ಲ ಅನ್ನುವುದಷ್ಟೇ ಆಗಿದ್ದರೆ ಸರಿ. ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿಯುವ ಅಭ್ಯಾಸವನ್ನೂ ಬೆಳೆಸಿಕೊಂಡಳು.

"ಎಮೆಟ್, ಕೇಳಿಸ್ತಾ?"

"ಏನು?"

"ಸದ್ದು."

"ಫ್ರಿಜ್ಜು."

"ಫ್ರಿಜ್ಜು ಹಂಗೆ ಹೆಜ್ಜೆ ಹಾಕಲ್ಲ, ಎದ್ದು ನೋಡು."

ಎಮೆಟ್ ಎದ್ದು, ಟಾರ್ಚು ಹಿಡಿದು, ಫ್ರಿಜ್ಜಿನ ಯೋಗಕ್ಷೇಮ ವಿಚಾರಿಸಿ ಬಂದು ಮಲಗುತ್ತಿದ್ದ. ಕಣ್ಣು ಕೂಡುವ ಹೊತ್ತಿಗೆ ಮೊಣಕೈ. "ಹಿಂದಿನ ಬಾಗಿಲೂ ನೋಡ್ದ್ಯಾ?" ಮತ್ತೆ ಏಳುತ್ತಿದ್ದ. ಹೀಗೆ ವಾರಗಳು ಕಳೆದವು. ಅವನ ಕಣ್ಣ ಕೆಳಗಿನ ಚೀಲಗಳಲ್ಲಿ ಒಂದು ಸಂತೆಯ ಸಾಮಾನು ತುಂಬಬಹುದಿತ್ತು.

ಕೊನೆಗೆ ಒಂದು ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬಳಿಗೆ ಹಾಸಿಗೆಯ ಮೆತ್ತನೆ ತೋರಿಸಲು ಹೋದವನು ಹಾಗೇ ಒರಗಿ, ಅಲ್ಲೇ ಗೊರಕೆ ಹೊಡೆಯತೊಡಗಿದ. ಆ ಹೆಂಗಸು ಸ್ವಲ್ಪ ಹೊತ್ತು ನಿಂತು ನೋಡಿ, "ನನಗೆ ಇದೇ ಕೊಡಿ, ಬೇರೆ ಬೇಡ" ಎಂದು ಹಟ ಹಿಡಿದು ಅದನ್ನೇ ಕೊಂಡುಹೋದಳು. ಆದರೂ ಯಜಮಾನನಿಗೆ ಅದು ರುಚಿಸಲಿಲ್ಲ.

"ಎಮೆಟ್, ಇನ್ನೊಂದು ಸಲ ಇಲ್ಲಿ ಮಲಗಿದ್ರೆ, ಆಮೇಲೆ ಖಾಯಂ ಆಗಿ ಮನೇಲೇ ಮಲಗ್ಬಹುದು" ಅಂದ.

ಮನೆಯಲ್ಲಿ ಮಲಗುವುದು ಸಾಧ್ಯವಿದ್ದರೆ ಈ ಗತಿ ಯಾಕೆ ಬರುತ್ತಿತ್ತು ಎಂದು ಎಮೆಟ್ ಕೇಳಬೇಕೆಂದುಕೊಂಡ. ಕೇಳುವುದಕ್ಕೂ ಸುಸ್ತು.

ಅಂದು ಸಂಜೆ ಬೇಲಿಯ ಆಚೆಯಿಂದ ಬರ್ಲ್ ಪರಿಹಾರ ಹೇಳಿದ. ಬರ್ಲ್ ಟ್ರಕ್ಕು ಓಡಿಸಿ ನಿವೃತ್ತನಾದವನು. ಲೋಕದ ಎಲ್ಲ ವಿಷಯದಲ್ಲೂ ಅವನಿಗೆ ಅಭಿಪ್ರಾಯವಿತ್ತು. ಕೇಳುವವರು ಸಿಕ್ಕರೆ ಎರಡೆರಡು ಇರುತ್ತಿದ್ದವು.

"ನೋಡು ಎಮೆಟ್, ನಿನ್ನ ಹೆಂಡ್ತಿಗೆ ನಿದ್ದೆ ಬರ್ಬೇಕು ಅಂದ್ರೆ, ಮನೇಲಿ ಒಬ್ಬ ಗಂಡಸು ಇದಾನೆ ಅನ್ನೋ ಧೈರ್ಯ ಬರ್ಬೇಕು."

"ಇದೀನಲ್ಲ."

ಬರ್ಲ್ ಅವನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದ. "ಪಿಸ್ತೂಲು ತಗೋ" ಅಂದ.

ಆ ಊರಿನಲ್ಲಿ ಪಿಸ್ತೂಲಿಲ್ಲದ ಮನೆಯೆಂದರೆ ಉಪ್ಪಿಲ್ಲದ ಅಡುಗೆಮನೆ ಇದ್ದಂತೆ. ಕ್ಷೌರದವನ ಹತ್ತಿರ ಇತ್ತು, ಹಲ್ಲಿನ ಡಾಕ್ಟರ ಹತ್ತಿರ ಇತ್ತು, ಪಾದ್ರಿಗಳ ಹತ್ತಿರವೂ ಇತ್ತು. ಎಮೆಟ್ ಇಷ್ಟು ವರ್ಷ ಇಲ್ಲದೆ ಹೇಗೋ ಕಳೆದಿದ್ದ. ಈಗ ಲುವೆಲಾಳೂ ಬರ್ಲ್‌ನ ಕಡೆ ಸೇರಿಕೊಂಡಳು.

"ಸುಮ್ಮನೆ ತಂದು ಕಪಾಟಿನಲ್ಲಿ ಇಟ್ರೆ ಪ್ರಯೋಜನ ಇಲ್ಲ. ಸರಿಯಾಗಿ ಕಲ್ತ್ಕೊಂಡು ಬಾ. ನೀನು ಕಲ್ತು ಬಂದ ದಿನದಿಂದ ನಾನು ನಿಶ್ಚಿಂತೆಯಾಗಿ ಮಲಗ್ತೀನಿ, ನಿನ್ನಾಣೆ."

ಆ ಕೊನೆಯ ಮಾತು ಕೇಳಿ ಎಮೆಟ್‌ನ ಕಣ್ಣಲ್ಲಿ ನೀರು ತುಂಬಿತು. ಮರುದಿನವೇ ಹೋಗಿ ಪಿಸ್ತೂಲು ಕೊಂಡ. ಊರ ಹೊರಗೆ ರೋಂಡಾ ಕ್ವಿಲೆನ್ ಎಂಬಾಕೆ ನಡೆಸುತ್ತಿದ್ದ ಒಂದು ದಿನದ ಆತ್ಮರಕ್ಷಣೆ ತರಗತಿಗೆ ಹೆಸರನ್ನೂ ಕೊಟ್ಟ. ಆಕೆ ಹಿಂದೆ ಪೊಲೀಸ್ ಇಲಾಖೆಯಲ್ಲಿದ್ದವಳು. ಅವಳು ಸರಿ ಅಂದರೆ ಊರೇ ಸರಿ ಅನ್ನುತ್ತಿತ್ತು.

ತರಗತಿ ಶನಿವಾರ. ಅದಕ್ಕೆ ಮುಂಚೆ ಮನೆಯಲ್ಲಿ ಖಾಲಿ ಪಿಸ್ತೂಲಿನಲ್ಲಿ ಕೈ ಪಳಗಿಸಿಕೊಳ್ಳಬೇಕೆಂದು ಬರ್ಲ್ ಅಪ್ಪಣೆ ಮಾಡಿದ್ದ. ತೋಟಾಗಳ ಡಬ್ಬಿಯನ್ನು ಕಾರಿನಲ್ಲಿಟ್ಟು ಬೀಗ ಹಾಕುವುದು, ಪಿಸ್ತೂಲು ಖಾಲಿಯೇ ಎಂದು ಮತ್ತೆ ಮತ್ತೆ ನೋಡುವುದು, ಗೋಡೆಯ ಮೇಲೆ ಒಂದು ಗುರುತು ಆರಿಸಿಕೊಳ್ಳುವುದು. ಎಡಗೈಯಿಂದ ಅಂಗಿ ಎತ್ತಿ, ಬಲಗೈಯಿಂದ ಸೊಂಟದ ಒರೆಯೊಳಗಿನ ಪಿಸ್ತೂಲು ಸೆಳೆದು, ಕಣ್ಣ ಮಟ್ಟಕ್ಕೆ ತಂದು, ಟ್ರಿಗರನ್ನು ಮೆಲ್ಲಗೆ ಒತ್ತುವುದು. ಟಿಕ್ ಅಂದರೆ ಮುಗಿಯಿತು. ಹೇಳುವಾಗ ಮಗುವೂ ಮಾಡುವಂತಿತ್ತು.

ಶನಿವಾರ ಬೆಳಿಗ್ಗೆ ಎಮೆಟ್ ಅಡುಗೆಮನೆಯಲ್ಲಿ ನಿಂತ. ಮೈಮೇಲೆ ರಾತ್ರಿ ಮಲಗುವ ಪಾಯಿಜಾಮ. ಒರೆ ಸಿಕ್ಕಿಸಲು ಬೆಲ್ಟು ಬೇಕಲ್ಲ, ಹಾಗಾಗಿ ಪಾಯಿಜಾಮದ ಮೇಲೆ ಬೆಲ್ಟು. ಗೋಡೆಯ ಮೇಲೆ ಲುವೆಲಾ ತೂಗುಹಾಕಿದ್ದ ಹುಂಜದ ಚಿತ್ರವೇ ಗುರುತು.

ಮೊದಲ ಸಲ ಪಿಸ್ತೂಲಿನ ಜೊತೆಗೆ ಅಂಗಿಯ ಅಂಚೂ ಬಂತು. ಹುಂಜದ ಬದಲು ತನ್ನ ಹೊಕ್ಕಳು ಕಾಣಿಸಿತು. ಎರಡನೆಯ ಸಲ ಪಿಸ್ತೂಲು ಒರೆ ಬಿಡಲಿಲ್ಲ, ಒರೆ ಬೆಲ್ಟು ಬಿಡಲಿಲ್ಲ, ಬೆಲ್ಟು ಪಾಯಿಜಾಮ ಬಿಡಲಿಲ್ಲ. ಎಮೆಟ್ ತನ್ನನ್ನು ತಾನೇ ಕೂಸಿನಂತೆ ಎತ್ತಿಕೊಂಡು ತುದಿಗಾಲಲ್ಲಿ ನಿಂತ. ಆಮೇಲೆ ಹೇಗೋ ಕೈ ಸಲೀಸಾಗುತ್ತಿದೆ ಅನ್ನುವಷ್ಟರಲ್ಲಿ ಬಾಗಿಲು ತೆರೆಯಿತು.

"ಎಮೆಟ್, ಮಗಾ, ನಿನ್ನ ಮೊಣಕೈ ನೋಡಿ ನಂಗೆ ಕಾಫಿ ಗಂಟಲಲ್ಲಿ ಇಳೀಲಿಲ್ಲ ಕಣೋ."

ಎದುರು ಮನೆಯ ಕಿಟಕಿಯಿಂದ ಎಲ್ಲ ನೋಡುತ್ತಿದ್ದ ಐಡಾ ಮೇ ಸ್ಪ್ರೂಲ್. ಎಂಬತ್ತರ ಹತ್ತಿರದ ವಿಧವೆ. ತಲೆಯಲ್ಲಿ ಕೂದಲು ಸುರುಳಿ ಮಾಡುವ ಪ್ಲಾಸ್ಟಿಕ್ ಕೊಳವೆಗಳು, ಕಾಲಲ್ಲಿ ಮನೆಯ ಚಪ್ಪಲಿ. ತಮ್ಮ ಕಾಲದಲ್ಲಿ ಕೋಳಿಗೂಡಿಗೆ ನುಗ್ಗಿದ ಹಾವುಗಳಿಗೆಲ್ಲ ಗುಂಡಿಟ್ಟವರು ಎಂದು ಬೀದಿಯಲ್ಲಿ ಪ್ರಸಿದ್ಧಿ.

"ಏನಾಗಿದೆ ಮಿಸ್ ಐಡಾ, ನನ್ನ ಮೊಣಕೈಗೆ?"

"ಕೋಳಿ ರೆಕ್ಕೆ ಬಿಚ್ಚಿದ ಹಂಗೆ ಬಿಚ್ಚಿದೀಯಲ್ಲೋ! ಒಳಗೆ ತಗೋ. ಎರಡೂ ಕಾಲು ಸಮ ಇಡು, ಎದೆ ಎದುರಿಗೆ ಕೊಡು."

"ಸಮ ಇಟ್ರೆ ಬಿದ್ದು ಹೋಗ್ತಾನೆ!" ಹಿತ್ತಿಲ ಬಾಗಿಲಿನಿಂದ ಬರ್ಲ್ ಒಳಗೆ ಬಂದ. "ಒಂದು ಕಾಲು ಮುಂದೆ, ಮೈ ಓರೆ. ಕಳ್ಳನಿಗೆ ಯಾಕೆ ಇಡೀ ಮೈ ತೋರಿಸ್ಬೇಕು? ಏನು ಹೆಣ್ಣು ನೋಡೋಕೆ ಬಂದಿದಾನಾ?"

"ನೀನು ಯಾವ ಕಾಲದಲ್ಲಿದೀಯೋ ಬರ್ಲ್?"

"ನೀವು ಹುಟ್ಟಿದ ಕಾಲಕ್ಕಿಂತ ಈಚೆಗೇ ಇದೀನಿ."

ಬರ್ಲ್ ತೋರಿಸಿಕೊಡಲು ಹಣ್ಣಿನ ಬುಟ್ಟಿಯಿಂದ ಒಂದು ಬಾಳೆಹಣ್ಣು ಎತ್ತಿಕೊಂಡ. ಐಡಾ ಒಂದು ಮರದ ಸೌಟು ಹಿಡಿದರು. ಎಮೆಟ್‌ನ ಎಡಗಾಲನ್ನು ಒಬ್ಬರು ಮುಂದಕ್ಕೆ ತಳ್ಳಿದರೆ, ಇನ್ನೊಬ್ಬರು ಹಿಂದಕ್ಕೆ ಎಳೆದರು. ಕೊನೆಗೆ ಮೂವರೂ ಸಾಲಾಗಿ, ಮೂರು ಬಗೆಯಲ್ಲಿ ನಿಂತು, ಪಿಸ್ತೂಲು, ಬಾಳೆಹಣ್ಣು, ಸೌಟುಗಳಿಂದ ಆ ಬಡಪಾಯಿ ಹುಂಜಕ್ಕೆ ಗುರಿಯಿಟ್ಟರು.

ಲುವೆಲಾ ಒಳಗೆ ಬಂದದ್ದು ಆಗ. ಮೂವರ ಹಿಂದಿನಿಂದ ಹಾದು, ಟೋಸ್ಟರಿಗೆ ಬ್ರೆಡ್ಡು ಹಾಕಿ, ಕೈಕಟ್ಟಿ ನಿಂತಳು.

"ಈಗ ಉಸಿರು ಬಿಗಿಹಿಡಿ" ಅಂದ ಬರ್ಲ್. "ಕಳ್ಳ ಬಂದ. ಕತ್ತಲು. ನಿನಗೂ ಅವನಿಗೂ ಮಧ್ಯೆ ಎರಡು ಮಾರು. ಅವನ ಕೈ ಮೇಲೆ ಬಂತು..."

ಠಣ್ಣೆಂದು ಬ್ರೆಡ್ಡು ಮೇಲೆ ಹಾರಿತು.

ಬರ್ಲ್‌ನ ಮುಷ್ಟಿಯಲ್ಲಿ ಬಾಳೆಹಣ್ಣು ಪಾಯಸವಾಯಿತು. ಐಡಾ ತಿರುಗಿ ಸೌಟಿನಿಂದ ಟೋಸ್ಟರಿಗೆ ಗುರಿ ಹಿಡಿದು ಅಲ್ಲಾಡದೆ ನಿಂತಿದ್ದರು. ಎಮೆಟ್ ಕಾಣಿಸಲಿಲ್ಲ. ಮೇಜಿನ ಕೆಳಗಿನಿಂದ ಅವನ ಬರಿಗಾಲುಗಳು ಮಾತ್ರ ಹೊರಗೆ ಚಾಚಿದ್ದವು. ಪಿಸ್ತೂಲು ಮೇಜಿನ ಮೇಲೆ, ಬೆಣ್ಣೆಯ ಪಕ್ಕದಲ್ಲಿ ಕೂತಿತ್ತು.

ಲುವೆಲಾ ಆ ಕಾಲುಗಳನ್ನು ಬಹಳ ಹೊತ್ತು ನೋಡಿದಳು.

"ಇನ್ನೂ ಕಲೀಲಿಲ್ಲ ಅಷ್ಟೆ" ಅಂತ ಮೇಜಿನ ಕೆಳಗಿನಿಂದ ದನಿ ಬಂತು.

"ಕಾಣ್ತಿದೆ" ಅಂದಳು ಲುವೆಲಾ. ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು, ತನ್ನ ತಂಗಿಗೆ ಫೋನು ಮಾಡಲು ಹೊರಗೆ ಹೋದಳು.

ತರಗತಿಗೆ ಬರ್ಲ್‌ನ ಪಿಕಪ್ ಗಾಡಿಯಲ್ಲಿ ಹೊರಟಿದ್ದಾಯಿತು. ಐಡಾ ಕೂಡ ತಮ್ಮ ಪಿಸ್ತೂಲನ್ನು ಕೈಚೀಲಕ್ಕೆ ಹಾಕಿಕೊಂಡು ಹತ್ತಿ ಕೂತರು. "ಎಷ್ಟು ಕಾಲ ಆಯ್ತೋ ಮದ್ದಿನ ವಾಸನೆ ಕುಡಿದು. ನಾನೂ ಒಂದು ಕೈ ನೋಡೇಬಿಡ್ತೀನಿ." ದಾರಿಯುದ್ದಕ್ಕೂ ಎಡಗಿವಿಗೆ ಬರ್ಲ್, ಬಲಗಿವಿಗೆ ಐಡಾ. ಹಿಡಿತ ಹೀಗಿರಬೇಕು, ಹೆಬ್ಬೆರಳು ಹಾಗಿರಬೇಕು. ಮಧ್ಯೆ ಕೂತ ಎಮೆಟ್ ಇಬ್ಬರ ಮಾತಿಗೂ ತಲೆ ಆಡಿಸುತ್ತಿದ್ದ. ಎಂಥ ವಿನಯದ ಶಿಷ್ಯ ಎಂದು ಇಬ್ಬರಿಗೂ ಸಂತೋಷವಾಯಿತು. ಗಾಡಿ ನಿಂತಾಗ ತಲೆ ಆಡುವುದು ನಿಂತು ಗೊರಕೆ ಕೇಳಿಸಿದ ಮೇಲೆಯೇ ಅವರಿಗೆ ನಿಜಸ್ಥಿತಿ ತಿಳಿದದ್ದು.

ತರಗತಿ ನಡೆಯುವ ಮೈದಾನ ಎಂದರೆ ಒಂದು ಬೋಳು ಬಯಲು. ಕೊನೆಯಲ್ಲಿ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಸಾಲಾಗಿ ಕಾಗದದ ಗುರಿಹಲಗೆಗಳು. ರೋಂಡಾ ಕ್ವಿಲೆನ್ ಕುಳ್ಳಗಿನ, ಮೆತ್ತನೆ ದನಿಯ ಹೆಂಗಸು. ಆದರೆ ಆ ಮೆತ್ತನೆ ದನಿ ಕೇಳಿದರೆ ಕಲಿಯಲು ಬಂದಿದ್ದ ದೊಡ್ಡ ದೊಡ್ಡ ಗಡ್ಡದವರೂ ಚೂಯಿಂಗ್ ಗಮ್ ನುಂಗಿಬಿಡುತ್ತಿದ್ದರು.

"ಪಿಸ್ತೂಲು ಯಾವತ್ತೂ ತುಂಬಿದೆ ಅಂತಲೇ ತಿಳ್ಕೊಳ್ಳಿ. ಮೂತಿ ದಿಬ್ಬದ ಕಡೆಗೇ ಇರ್ಲಿ. ಗುರಿ ಇದೇ ಅಂತ ಖಾತ್ರಿ ಆಗೋ ತನಕ ಬೆರಳು ಟ್ರಿಗರ್ ಹತ್ರ ಹೋಗ್ಬಾರ್ದು. ಗುಂಡು ಒಂದ್ಸಲ ಹೋದ್ರೆ ವಾಪಸ್ ಕರೆಯೋಕಾಗಲ್ಲ." ಆಮೇಲೆ ಎಲ್ಲರ ಮುಖ ನೋಡಿ ಕೇಳಿದಳು: "ಮನೇಲಿ ಸದ್ದಾಯ್ತು. ಮೊದಲು ಏನ್ ಮಾಡ್ತೀರಿ?"

"ಎದೆಗೆ ಎರಡು ಗುಂಡು!" ಅಂದ ಬರ್ಲ್. ಅವನು ತರಗತಿಗೆ ಸೇರಿದವನೇ ಅಲ್ಲ.

"ನೀವು, ಸರ್? ಆಕಳಿಸ್ತಾ ಇರೋರು."

ಎಮೆಟ್ ಬೆಚ್ಚಿ ನೆಟ್ಟಗಾದ. "ಮೇಡಂ, ನನ್ ಹೆಂಡ್ತಿಗೆ ಕೇಳಿಸದೆ ಇರ್ಲಪ್ಪಾ ಅಂತ ದೇವರಲ್ಲಿ ಬೇಡ್ಕೋತೀನಿ."

ಎಲ್ಲರೂ ನಕ್ಕರು. ರೋಂಡಾ ನಗಲಿಲ್ಲ. "ಕೋಣೆ ಬಾಗಿಲು ಹಾಕ್ಕೊಂಡು ಪೊಲೀಸರಿಗೆ ಫೋನ್ ಮಾಡೋದು ಸರಿಯಾದ ಉತ್ತರ. ಆದ್ರೆ ಎದೆಗೆ ಎರಡು ಅಂದೋರಿಗಿಂತ ಇವರೇ ಹತ್ತಿರ ಇದಾರೆ."

ಮೊದಲ ಗುಂಡು ಹಾರಿಸುವಾಗ ಎಮೆಟ್ ಕಣ್ಣು ಮುಚ್ಚಿಕೊಂಡ. ಹಲಗೆಯ ಕೆಳಗೆ ಮಣ್ಣು ಚಿಮ್ಮಿತು. ಎರಡನೆಯದಕ್ಕೆ ಕಣ್ಣು ಬಿಟ್ಟ; ಅದು ಇನ್ನೂ ಕೆಳಗೆ ಹೋಯಿತು. ಮೂರನೆಯದರಲ್ಲಿ ಪಿಸ್ತೂಲಿನಿಂದ ಚಿಮ್ಮಿದ ಖಾಲಿ ತೋಟಾ, ಒಲೆಯಿಂದ ತೆಗೆದ ಕೆಂಡದಂತಿದ್ದದ್ದು, ನೆಟ್ಟಗೆ ಬಂದು ಅವನ ಕಾಲರಿನೊಳಗೆ ಇಳಿಯಿತು. ಎಮೆಟ್ ಪಿಸ್ತೂಲನ್ನು ಮುಂದಿನ ಬೆಂಚಿನ ಮೇಲೆ, ಮೂತಿ ದಿಬ್ಬದ ಕಡೆಗಿರುವಂತೆ ಜೋಪಾನವಾಗಿ ಇಟ್ಟ. ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಕುಣಿದ. ಆ ಕುಣಿತದಲ್ಲಿ ಅಂಗಿ ಹೋಯಿತು, ಟೋಪಿ ಹೋಯಿತು, ಬನಿಯನ್ನಿನ ಒಂದು ತೋಳು ಹೋಯಿತು.

"ಎಲ್ಲರೂ ನೋಡಿದ್ರಾ?" ಅಂದಳು ರೋಂಡಾ. "ಮೊದಲು ಪಿಸ್ತೂಲು ಕೆಳಗಿಟ್ರು, ಆಮೇಲೆ ಕುಣಿದ್ರು. ಇದೇ ಕ್ರಮ."

ಮೈಮೇಲೆ ಬೊಬ್ಬೆ ಎದ್ದ ಜಾಗ ಸವರಿಕೊಳ್ಳುತ್ತ ಎಮೆಟ್ ಜೀವನದಲ್ಲಿ ಮೊದಲ ಸಲ ಒಂದು ವಿಷಯಕ್ಕೆ ಮಾದರಿಯಾದ.

ಇತ್ತ ಬರ್ಲ್ ಬೆನ್ನ ಹಿಂದೆ ನಿಂತು "ಓರೆ ನಿಲ್ಲೋ! ಓರೆ!" ಎಂದು ಕೂಗುತ್ತಿದ್ದ. ರೋಂಡಾ ಅವನನ್ನು ಬೇಲಿಯ ಆಚೆ ಕಳಿಸಿದಳು. ಬೇಲಿಯ ಆಚೆಯಿಂದ ಕೂಗಿದ. ಗಾಡಿಯಲ್ಲಿ ಹೋಗಿ ಕೂರಬೇಕೆಂದಳು. ಕೂತ. ಸ್ವಲ್ಪ ಹೊತ್ತು ಶಾಂತಿ. ಎಮೆಟ್ ಮತ್ತೆ ಗುರಿ ಹಿಡಿದಾಗ ಗಾಡಿಯಿಂದ 'ಪೋಂ' ಎಂದು ಒಂದು ಹಾರ್ನು.

"ಅದೇನು?" ಅಂದಳು ರೋಂಡಾ.

"ಒಂದು ಹಾರ್ನು ಅಂದ್ರೆ ಮೊಣಕೈ ಇರ್ಬೇಕು" ಅಂದ ಎಮೆಟ್.

ಎರಡು ಹಾರ್ನು ಬಂತು.

"ಇದು ಕಾಲು."

ರೋಂಡಾ ಹೋಗಿ ಗಾಡಿಯ ಕೀಲಿಯನ್ನೂ, ಜೊತೆಗೆ ಬರ್ಲ್ ತಿನ್ನುತ್ತಿದ್ದ ಕಡಲೆಕಾಯಿ ಪೊಟ್ಟಣವನ್ನೂ ಕಿತ್ತುಕೊಂಡು ಬಂದಳು.

ಊಟದ ಮೇಲಿನ ಪಾಠ ಬೇರೆ ಬಗೆಯದು. ಒಂದು ಸುಳ್ಳು ಬಾಗಿಲು ನಿಲ್ಲಿಸಿದ್ದರು. ರೋಂಡಾ ಹಗ್ಗ ಎಳೆದರೆ ಅದು ತೆರೆದು, ಹಿಂದೆ ಆಳೆತ್ತರದ ರಟ್ಟಿನ ಮನುಷ್ಯ ಕಾಣಿಸುತ್ತಿದ್ದ. ಹೊಡೆಯಬೇಕೋ ಬಿಡಬೇಕೋ ಎಂಬುದನ್ನು ಆ ಗಳಿಗೆಯಲ್ಲೇ ತೀರ್ಮಾನಿಸಬೇಕು. ಎಮೆಟ್‌ಗಿಂತ ಮುಂಚೆ ಹೋದ ಗಡ್ಡದವರೆಲ್ಲ ಬಾಗಿಲು ತೆರೆಯುತ್ತಲೇ ದಬದಬ ಗುಂಡು ಹಾರಿಸಿ, ಹೆಮ್ಮೆಯಿಂದ ಈಚೆ ಬಂದಿದ್ದರು.

ಎಮೆಟ್‌ನ ಸರದಿ ಬಂತು. ಹೊಟ್ಟೆಯಲ್ಲಿ ಕರಿದ ಮೀನು, ನೆತ್ತಿಯ ಮೇಲೆ ಬಿಸಿಲು, ರೆಪ್ಪೆಯ ಮೇಲೆ ಮೂರು ವಾರದ ನಿದ್ದೆ. ಅವನು ಅರ್ಧ ಇಲ್ಲಿ, ಅರ್ಧ ಇನ್ನೆಲ್ಲೋ ಇದ್ದ. ಬಾಗಿಲು ತೆರೆಯಿತು. ಎದುರಿಗೆ ಮನುಷ್ಯ ಕಂಡದ್ದೇ ತಡ, ಎಮೆಟ್‌ನ ಮುಖ ಅರಳಿತು.

"ಬನ್ನಿ ಸರ್, ಬನ್ನಿ. ಏನು ನೋಡ್ತೀರಿ? ಸಿಂಗಲ್ಲೋ ಡಬ್ಬಲ್ಲೋ?"

ಮೈದಾನವೇ ಬಿದ್ದು ಬಿದ್ದು ನಕ್ಕಿತು. ಐಡಾ ನಕ್ಕು ನಕ್ಕು ಬೆಂಚು ಹಿಡಿದುಕೊಂಡರು. ಎಮೆಟ್ ಕಿವಿಯವರೆಗೆ ಕೆಂಪಾಗಿ, ಭೂಮಿ ಬಾಯಿ ಬಿಟ್ಟರೆ ಅಲ್ಲಾದರೂ ಮಲಗಬಹುದಿತ್ತು ಅಂದುಕೊಂಡ.

ರೋಂಡಾ ಹೋಗಿ ರಟ್ಟಿನ ಮನುಷ್ಯನ ಕೈಯನ್ನು ತೋರಿಸಿದಳು. ಅದರಲ್ಲಿ ಇದ್ದದ್ದು ಮೊಬೈಲು. "ದಾರಿ ತಪ್ಪಿ ವಿಳಾಸ ಕೇಳೋಕೆ ಬಂದ ಪಾಪದ ಮನುಷ್ಯ ಇವನು. ಊಟ ಆದಾಗಿಂದ ನೀವೆಲ್ಲ ಸೇರಿ ಇವನನ್ನ ಜರಡಿ ಮಾಡಿದೀರಿ. ಬದುಕಿಸಿದ್ದು ಇವರೊಬ್ಬರೇ." ನಗು ಕೂಡಲೇ ನಿಂತಿತು.

ಕೊನೆಯ ಪರೀಕ್ಷೆ ಗುರಿಯದು. ಎಮೆಟ್‌ನ ಪಕ್ಕದ ಸಾಲಿನಲ್ಲಿ ಐಡಾ. ಎಲ್ಲರೂ ಹೊಡೆದು ಮುಗಿದ ಮೇಲೆ ಹಲಗೆಗಳನ್ನು ನೋಡಲು ಹೋದರು. ಎಮೆಟ್‌ನ ಹಲಗೆಯ ನಟ್ಟನಡುವೆ, ಒಂದು ದೋಸೆಕಾವಲಿಯೊಳಗೆ ಹಿಡಿಸುವಷ್ಟು ಜಾಗದಲ್ಲಿ ತೂತುಗಳು ಮುತ್ತಿಕೊಂಡಿದ್ದವು. ಐಡಾರ ಹಲಗೆ ಈಗತಾನೇ ಒಗೆದು ಒಣಗಿಸಿದ ದುಪ್ಪಟಿಯಂತೆ ಬೆಳ್ಳಗಿತ್ತು.

"ಈ ದರಿದ್ರ ಪಿಸ್ತೂಲು!" ಐಡಾ ಹಲ್ಲು ಕಚ್ಚಿದರು. "ಒಂದು ಗುಂಡೂ ಹೊರಗೆ ಬಂದಿಲ್ಲ ಅನ್ಸತ್ತೆ!"

ಬಂದಿದ್ದವು. ಐಡಾ ಕನ್ನಡಕವನ್ನು ಅಡುಗೆಮನೆಯಲ್ಲೇ ಮರೆತು ಬಂದಿದ್ದರು. ಅಷ್ಟೂ ಗುಂಡುಗಳನ್ನು ಎಳ್ಳಷ್ಟೂ ತಪ್ಪದೆ ಪಕ್ಕದ ಹಲಗೆಗೆ ಹೊಡೆದಿದ್ದರು. ಎಮೆಟ್‌ಗೆ ಅದು ಕೂಡಲೇ ಹೊಳೆಯಿತು. ಗಡ್ಡದವರು ಅವನ ಬೆನ್ನು ತಟ್ಟುತ್ತಿದ್ದರು. ರೋಂಡಾ ಪೆನ್ನು ತೆಗೆಯುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಇನ್ನೊಂದು ಗಂಟೆಯಲ್ಲಿ ಮನೆ, ಹಾಸಿಗೆ, ಲುವೆಲಾಳ ಆಣೆ. ಹಿಂದೆ ನಿಂತು ಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದ ಐಡಾರನ್ನು ನೋಡಿದ. ಅವರ ಮುಖ ಒಮ್ಮೆಲೇ ತುಂಬ ಮುದಿಯಾಗಿ ಕಂಡಿತು.

"ಮೇಡಂ," ಎಂದು ನಿಟ್ಟುಸಿರು ಬಿಟ್ಟ, "ಇದು ನಾನು ಹೊಡೆದಿದ್ದಲ್ಲ. ನಂದು ಆ ಮೂಲೇಲಿ ಚದುರಿದಾವಲ್ಲ, ಅವು. ಮಧ್ಯದ್ದೆಲ್ಲ ಮಿಸ್ ಐಡಾರದ್ದು."

ರೋಂಡಾ ಪೆನ್ನು ಜೇಬಿಗಿಟ್ಟಳು. "ಹಂಗಾದ್ರೆ ಇಬ್ಬರೂ ಮತ್ತೆ ಹೊಡೀಬೇಕು."

ಗಡ್ಡದವರೊಬ್ಬರ ಕನ್ನಡಕವನ್ನು ಐಡಾರಿಗೆ ಕೊಡಿಸಿ ಎಮೆಟ್ ಮತ್ತೆ ನಿಂತ. ಈ ಸಲ ಅವನಲ್ಲಿ ಏನೂ ಉಳಿದಿರಲಿಲ್ಲ. ಆಸೆ, ಭಯ ಒಂದೂ ಇಲ್ಲ. ತೋಳುಗಳು ತಾವಾಗಿ ಮೇಲೆದ್ದವು. ಬೆರಳು ಒರಗಿಕೊಂಡಂತೆ ಟ್ರಿಗರಿನ ಮೇಲೆ ಒರಗಿತು. ಗುಂಡು ಯಾವಾಗ ಹಾರಿತೆಂದು ಅವನಿಗೇ ಸರಿಯಾಗಿ ಗೊತ್ತಾಗಲಿಲ್ಲ. ಮುಗಿದಾಗ ಹಲಗೆಯ ನಡುವೆ ಸಾಕಷ್ಟು ತೂತುಗಳಿದ್ದವು, ಎಲ್ಲವೂ ಅವನವೇ.

"ಸದ್ದು ಬರತ್ತೆ ಅಂತ ಹೆದರಿ ಎಲ್ಲರ ಕೈಯೂ ಮುಂಚೇನೇ ಅದುರತ್ತೆ" ಅಂದಳು ರೋಂಡಾ, ತೇರ್ಗಡೆಯ ಚೀಟಿ ಕೊಡುತ್ತ. "ಆ ಚಟ ಬಿಡಿಸೋಕೆ ನಾನು ಎಷ್ಟು ಪಾಡು ಪಡ್ತೀನಿ ಗೊತ್ತಾ? ನಿಮಗೆ ಅದುರೋಕೂ ಶಕ್ತಿ ಇಲ್ಲ. ಒಳ್ಳೇದು, ಹೀಗೇ ಇರಿ."

ಐಡಾ ಎಲ್ಲರಿಗಿಂತ ಮೇಲೆ ಬಂದರು. ಮನೆಗೆ ಬರುವ ದಾರಿಯುದ್ದಕ್ಕೂ ಎಮೆಟ್‌ನ ಕೈ ಬಿಡಲಿಲ್ಲ. ಕೋಪ ಮಾಡಿಕೊಂಡಿದ್ದ ಬರ್ಲ್ ಮಾತಾಡಲಿಲ್ಲ. ಅದೇ ಆ ದಿನದ ಅತ್ಯಂತ ಸುಖದ ಹೊತ್ತು.

ಹೊತ್ತು ಮುಳುಗುವ ಮುಂಚೆ ಎಮೆಟ್ ತನ್ನ ಮನೆಯ ಮೆಟ್ಟಿಲು ಹತ್ತಿದ. ಲುವೆಲಾ ಬಾಗಿಲಲ್ಲೇ ಎದುರಾದಳು. ಮುಖ ಕಳೆಕಳೆಯಾಗಿತ್ತು. ಅಂಥ ಮುಖ ನೋಡಿ ಎಷ್ಟೋ ದಿನವಾಗಿತ್ತು.

"ಪಾಸಾದೆ" ಅಂದ ಎಮೆಟ್.

"ಹೌದಾ? ಒಳ್ಳೇದಾಯ್ತು. ಮೆತ್ತಗೆ ಮಾತಾಡು." ಅವನ ಕೈಯಲ್ಲಿದ್ದ ಚೀಟಿಯ ಕಡೆ ಅವಳು ನೋಡಲೂ ಇಲ್ಲ. "ಎಮೆಟ್, ಬೆಳಿಗ್ಗೆ ನಿನ್ನ ಅವಸ್ಥೆ ನೋಡಿದ್ಮೇಲೆ ನಂಗೆ ಕಳ್ಳನಿಗಿಂತ ನಿನ್ನ ಭಯಾನೇ ಜಾಸ್ತಿ ಆಯ್ತು. ಅದಕ್ಕೆ ತಂಗಿ ಜೊತೆ ಹೋಗಿ ಒಂದು ಕೆಲಸ ಮಾಡ್ಕೊಂಡು ಬಂದೆ. ಕರ್ನಲ್! ಬಾ ಇಲ್ಲಿ."

ಒಳಗಿನಿಂದ ನಡೆದು ಬಂದದ್ದನ್ನು ನೋಡಿ ಎಮೆಟ್ ಗೋಡೆಗೆ ಒತ್ತಿಕೊಂಡ. ಅದು ನಾಯಿ. ಆದರೆ ಕರುವಿನಷ್ಟು ಎತ್ತರ, ಮಡಕೆಯಷ್ಟು ತಲೆ. ಆಚೆ ಬರ್ಲ್ ತನ್ನ ಗಾಡಿಯ ಬಾಗಿಲು ಹಾಕಿದ ಸದ್ದಿಗೆ ಅದು ಒಂದೇ ಒಂದು ಸಲ ಬೊಗಳಿತು. ಕಿಟಕಿಯ ಗಾಜು ಝಣಝಣ ಅಂದಿತು. ಬರ್ಲ್‌ನ ಕೈಯಲ್ಲಿದ್ದ ಚೀಲ ಬಿದ್ದದ್ದು ಇಲ್ಲಿಗೆ ಕೇಳಿಸಿತು.

"ಹೆಂಗೆ?" ಅಂದಳು ಲುವೆಲಾ, ಹೆತ್ತ ಮಗನನ್ನು ತೋರಿಸುವವಳಂತೆ. "ಯಾರೂ ಸಾಕದೆ ಬಿಟ್ಟ ನಾಯಿಗಳನ್ನ ಇಟ್ಕೊಂಡಿದಾರಲ್ಲ, ಅಲ್ಲಿಂದ ತಂದೆ."

ಕರ್ನಲ್ ಹತ್ತಿರ ಬಂದು ಎಮೆಟ್‌ನ ಕೈ ಮೂಸಿತು. ಅಂಗಿ ಮೂಸಿತು. ಸೊಂಟದ ಹತ್ತಿರ ಮೂತಿ ತಂದದ್ದೇ ತಡ, ಅದರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕೂಸಿನಂತೆ ಕುಂಯ್ ಎಂದು ತಿರುಗಿ, ಕುರ್ಚಿ ಕೆಡವಿ, ಬಚ್ಚಲುಮನೆಗೆ ನುಗ್ಗಿತು. ಅಲ್ಲಿ ಪರದೆ ಹರಿದ ಸದ್ದು. ಇಬ್ಬರೂ ಓಡಿಹೋಗಿ ನೋಡಿದರೆ, ಅಷ್ಟು ದೊಡ್ಡ ಪ್ರಾಣಿ ಸ್ನಾನದ ತೊಟ್ಟಿಯೊಳಗೆ ಮುದುಡಿ, ಪರದೆ ಹೊದ್ದುಕೊಂಡು ಗಡಗಡ ನಡುಗುತ್ತಿತ್ತು.

"ಅಯ್ಯೋ, ಮದ್ದಿನ ವಾಸನೆ!" ಲುವೆಲಾ ಗಂಡನನ್ನು ಹಿಂದಕ್ಕೆ ತಳ್ಳಿದಳು. "ಅವರು ಹೇಳಿದ್ರು. ಯಾರೋ ಬೇಟೆಯವರು ಸಾಕಿದ್ದಂತೆ, ಈಡಿನ ಸದ್ದಿಗೆ ಹೆದರತ್ತೆ ಅಂತ ಕಾಡಲ್ಲೇ ಬಿಟ್ಟು ಹೋದ್ರಂತೆ, ಪಾಪ. ಪಿಸ್ತೂಲು ಮನೇಲಿ ಇರೋ ಹಂಗೇ ಇಲ್ಲ ಎಮೆಟ್. ಮಿಸ್ ಐಡಾ ಮನೇಲಿ ಕಬ್ಬಿಣದ ಪೆಟ್ಟಿಗೆ ಇದೆಯಲ್ಲ, ಅಲ್ಲಿ ಕೊಟ್ಟು ಬಾ. ಬಂದು ಹೊರಗಡೆನೇ ಸ್ನಾನ ಮಾಡು. ಒಳಗೆ ತೊಟ್ಟಿ ಖಾಲಿ ಇಲ್ಲ."

ಎಮೆಟ್ ತೇರ್ಗಡೆಯ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಪಿಸ್ತೂಲು ಕೊಟ್ಟು ಬಂದ.

ಅಕ್ಟೋಬರಿನ ತಣ್ಣನೆ ಗಾಳಿಯಲ್ಲಿ, ಚಡ್ಡಿಯಲ್ಲಿ ನಿಂತು, ಹುಲ್ಲಿಗೆ ನೀರು ಬಿಡುವ ಪೈಪಿನಿಂದ ಮೈಮೇಲೆ ನೀರು ಬಿಟ್ಟುಕೊಳ್ಳುತ್ತಿದ್ದಾಗ ಬೇಲಿಯ ಮೇಲೆ ಬರ್ಲ್‌ನ ತಲೆ ಕಾಣಿಸಿತು. ಕೋಪಕ್ಕಿಂತ ಕುತೂಹಲ ದೊಡ್ಡದಾಗಿರಬೇಕು.

"ಏನೋ ಮಾಡ್ತಿದೀಯಾ?"

"ಆತ್ಮರಕ್ಷಣೆ" ಎಂದು ಹಲ್ಲು ಕಟಕಟಿಸುತ್ತ ಹೇಳಿ ಎಮೆಟ್ ಕಂಕುಳಿಗೆ ಸೋಪು ಹಚ್ಚಿಕೊಂಡ.

ಒಳಗೆ ಬರುವ ಹೊತ್ತಿಗೆ ಲುವೆಲಾ ಊಟ ಮುಗಿಸಿ ಒರಗು ಕುರ್ಚಿಯಲ್ಲಿ ಕೂತಿದ್ದಳು. ಪೆಕಾನ್ ಕಾಯಿಯ ಪೈ ಎಂಬ ಸಿಹಿತಿಂಡಿ ತಟ್ಟೆಯಲ್ಲಿ ಅರ್ಧ ಉಳಿದಿತ್ತು, ಚಮಚ ಕೈಯಲ್ಲೇ ಇತ್ತು, ತಲೆ ಹಿಂದಕ್ಕೆ ವಾಲಿತ್ತು. ಬಾಯಿ ತೆರೆದು, ಇನ್ನೂ ದೀಪ ಹಚ್ಚುವ ಮುಂಚೆಯೇ, ಸೊಗಸಾಗಿ ಗೊರಕೆ ಹೊಡೆಯುತ್ತಿದ್ದಳು. ಎಮೆಟ್‌ನ ಮನಸ್ಸು ಕರಗಿತು. ಹೇಗಾದರೂ ಆಗಲಿ, ಇವಳು ಮಲಗಿದಳಲ್ಲ. ಚಮಚ ತೆಗೆದಿಟ್ಟು, ಅವಳ ಕಾಲಿಗೆ ಹೊದಿಕೆ ಹೊದಿಸಿ, ಸದ್ದಾಗದಂತೆ ಸೋಫಾದ ಮೇಲೆ ಉದ್ದಕ್ಕೆ ಚಾಚಿಕೊಂಡ. ಕಣ್ಣು ಮುಚ್ಚಿದ. ಮೂರು ವಾರಗಳಿಂದ ದೂರ ದೂರ ಸರಿಯುತ್ತಿದ್ದ ನಿದ್ದೆ ಈಗ ಕಾಲ ಹೆಬ್ಬೆರಳಿನಿಂದ ಹಿತವಾಗಿ ಮೇಲೇರತೊಡಗಿತು. ಮೊಣಕಾಲು ದಾಟಿತು. ಸೊಂಟಕ್ಕೆ ಬಂತು.

ಹೊರಗೆ ಓಕ್ ಮರದಿಂದ ಒಂದು ಕಾಯಿ ಕಳಚಿ ಮಾಡಿನ ತಗಡಿನ ಮೇಲೆ ಬಿತ್ತು. ಟಪ್.

ಬಚ್ಚಲಿನಲ್ಲಿ ಉಗುರುಗಳ ಸದ್ದಾಯಿತು. ಕತ್ತಲಾಗುತ್ತಿದ್ದ ಕೋಣೆಯೊಳಗೆ ಕರ್ನಲ್ ನಡುಗುತ್ತ ಬಂತು. ಮಲಗಿದ್ದ ಲುವೆಲಾಳನ್ನು ಮೂಸಿ ನೋಡಿ, ಈಕೆಯಿಂದ ಆಗದು ಎಂದು ತೀರ್ಮಾನಿಸಿದಂತೆ ಈ ಕಡೆ ತಿರುಗಿ, ತಟ್ಟೆಯಗಲದ ಪಂಜವನ್ನು ಎಮೆಟ್‌ನ ಎದೆಯ ಮೇಲಿಟ್ಟಿತು. ಒದ್ದೆ ಮೂಗು ಕಿವಿಗೆ ತಾಗಿಸಿ ಕುಂಯ್ ಅಂದಿತು.

ಎಮೆಟ್ ಕಣ್ಣು ತೆರೆದು ಅದರ ಕಣ್ಣು ನೋಡಿದ. ಅಷ್ಟು ದೊಡ್ಡ ಮುಖದಲ್ಲಿ ಅಷ್ಟೊಂದು ಭಯ ಇರಬಹುದೆಂದು ಅವನಿಗೆ ಗೊತ್ತಿರಲಿಲ್ಲ.

"ಸರಿ, ಸರಿ. ನೋಡ್ಕೊಂಡು ಬರ್ತೀನಿ, ನೀನು ಹೆದರ್ಬೇಡ" ಎಂದು ಎದ್ದ.

ಟಾರ್ಚು ಹಿಡಿದು ಹೊರಗೆ ಹೋಗಿ, ತಗಡಿನ ಮೇಲೆ ಬೆಳಕು ಬಿಟ್ಟು ಬಂದ. ಅಷ್ಟರಲ್ಲಿ ಕರ್ನಲ್ ಸೋಫಾ ಹತ್ತಿ, ಅವನು ಬೆಚ್ಚಗೆ ಮಾಡಿಟ್ಟಿದ್ದ ಜಾಗದಲ್ಲೇ ಮಲಗಿತ್ತು. ಎಮೆಟ್ ನೆಲದ ಮೇಲೆ ಕೂತು ಅದರ ಬೆನ್ನು ಸವರತೊಡಗಿದ. ನಡುಕ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

ಟಪ್.

ಕರ್ನಲ್ ತಲೆ ಎತ್ತಿತು. ಎಮೆಟ್ ಸೋಫಾದ ಅಂಚು ಹಿಡಿದು ಮೆಲ್ಲಗೆ ಮೇಲೆದ್ದ. ಬಾಗಿಲ ಬಳಿ ನಿಂತು ಹೊರಗೆ ನೋಡಿದ. ಗಾಳಿ ಆಗಷ್ಟೇ ಏಳುತ್ತಿತ್ತು, ಮರದ ತುಂಬ ಇನ್ನೂ ಬೇಕಾದಷ್ಟು ಕಾಯಿಗಳಿದ್ದವು.